ಹೆಸರಿಲ್ಲದ ಪಟ್ಟಿ

ಬೆಟಗೇರಿಯ ಮೌನೇಶ ಪತ್ತಾರ ಬರೆದದ್ದು.
ಎರಡಡಿ ಮೂರಡಿಯ ಹಾರ್ಡ್‌ಬೋರ್ಡು,
ಲಾರಿಗೆ ಬಳಿದು ಉಳಿದ ಆಯಿಲ್ ಪೇಂಟು.
ಕಟ್ಟಡ ಎಡಕ್ಕೆ ತುಸು ವಾಲಿದೆ,
ಬೇವಿನ ಮರಕ್ಕೆ ನೆರಳಿಲ್ಲ,
ಕಪ್ಪತಗುಡ್ಡ ಕಿಟಕಿಗಿಂತ ಸಣ್ಣದು.
ಆದರೂ ನೋಡಿದ ಕೂಡಲೇ ನಮ್ಮವ್ವ ಸೆರಗು ಹೊದ್ದುಕೊಂಡಳು,
ಒಳಗೆ ಸಿಸ್ಟರು ಕೂತಿದ್ದಾರೆ ಅನ್ನುವ ಹಾಗೆ.

ಮೊದಲು ಅದು ಹತ್ತಿ ಜಿನ್ನಿನ ಮಾಲಕನ ಬಂಗ್ಲೆ.
ಮಕ್ಕಳಿಲ್ಲದವನು, ಮಠಕ್ಕೂ ಕೊಡದೆ ತಮ್ಮಂದಿರಿಗೂ ಕೊಡದೆ
ಬಿಳಿ ಸೀರೆಯ ಸಿಸ್ಟರುಗಳಿಗೆ ಬರೆದುಕೊಟ್ಟ.
ಅಪೊಲೋನಿಯಾ ಎಂಬ ಹೆಸರು ನಮ್ಮ ಓಣಿಯ ನಾಲಿಗೆಗೆ ಹತ್ತಲಿಲ್ಲ;
ಅಪ್ಪಲವ್ವ ಅಂದರು.
ಮಂಗಳೂರು ಸೀಮೆಯಿಂದ ಬಂದು ರೊಟ್ಟಿ ಬಡಿಯಲು ಕಲಿತಳು,
ಬ್ಯಾನಿ ತಿನ್ನುವವರನ್ನು ನಮ್ಮ ಮಾತಿನಲ್ಲೇ ಬೈಯಲೂ ಕಲಿತಳು.
ನಾಲ್ಕನೇ ಕಾಟು ನದಾಫರ ಹುಸೇನಬಿ, ಐದನೆಯದು ನಮ್ಮವ್ವ.
ಅವ್ವನಿಗೆ ಹಾಲಿಳಿಯದ ರಾತ್ರಿ
ಎರಡೂ ಕೂಸು ಹುಸೇನಬಿಯ ಮಗ್ಗುಲಲ್ಲಿ.
ಅಕ್ಕನ ಹೆಸರು ಶಾಲೆಯ ದಾಖಲೆಯಲ್ಲಿ ಈಗಲೂ
ಸಿಸ್ಟರವ್ವ ಕಲ್ಲಪ್ಪ ಹೊಂಬಳ.

ಆಮೇಲೆ ಇಬ್ಬರು ಉಳಿದರು, ಒಬ್ಬರು ಉಳಿದರು,
ಕೊನೆಗೆ ಡುಮಿಂಗ ಕಂಪೌಂಡರ ಒಬ್ಬನೇ
ಖಾಲಿ ಬಾಟಲಿಗಳ ಧೂಳು ಒರೆಸುತ್ತ.

ಹತ್ತಿ ತಿರುಗಿ ಬಂತು:
ಕಾಟುಗಳಿದ್ದಲ್ಲಿ ಅಂಡಗಿಗಳು ಮಲಗಿದವು.
ಆ ಬಳಿಕ ಬಿತ್ತನೆ ಬೀಜ. ಟೈಪಿಂಗ್ ಕ್ಲಾಸು.
ಒಂದು ಇಲೆಕ್ಷನ್ನಿನ ಪೆಟ್ಟಿಗೆಗಳು, ಹನ್ನೆರಡು ದಿನ, ಪೊಲೀಸ್ ಕಾವಲಿನಲ್ಲಿ.
ಈಗ ಗೋಡೆ ತುಂಬ 'ಜಾಗೆ ಮಾರುವುದಿದೆ'.

ಎಲ್ಲ ಬೋರ್ಡೂ ಒಂದೇ ಕೈಯದು.
ಆಸ್ಪತ್ರೆಯ ಹೆಸರಿಗೆ ನೀಲಿ ನೆರಳು ಕೊಟ್ಟವನೂ
ಸುಣ್ಣ ಬಳಿದು ಅದನ್ನು ಮುಚ್ಚಿದವನೂ
ಕೆಂಪಿನಲ್ಲಿ ಫೋನ್ ನಂಬರು ಎಳೆದವನೂ ಮೌನೇಶನೇ.
ಅಕ್ಷರಕ್ಕೆ ಇಷ್ಟು ಅಂತ ಎಣಿಸಿ ತಗೊಂಡ;
ಒತ್ತಕ್ಷರಕ್ಕೆ ಒಂದೂವರೆ ಪಟ್ಟು.

ಚಿತ್ರದಲ್ಲಿ ಮಾತ್ರ ಬಾಗಿಲ ಮೇಲಿನ ಪಟ್ಟಿ ಬರಿದು.
ಎರಡು ಕೋಟು ಪ್ರೈಮರು, ಅದರ ಮೇಲೆ
ಅಕ್ಷರ ಕೂರಲೆಂದು ಎಳೆದ ಪೆನ್ಸಿಲಿನ ಎರಡು ಗೆರೆ.
'ಯಾಕ ಮೌನೇಶಪ್ಪ, ಹೆಸರ ಬರದೇ ಇಲ್ಲಲ್ಲ?'
ಬ್ರಷ್ಷು ಚಿಮಣಿ ಎಣ್ಣೆಯಲ್ಲಿ ಅದ್ದಿ ಹಿಂಡುತ್ತ ಅಂದ:
'ಯಾರ ಹೇಳ್ಯಾರ್ರಿ ಬರಿ ಅಂತ?
ರೊಕ್ಕಾ ಕೊಟ್ಟವರ ಹೆಸರೆಲ್ಲಾ ಬರದ ಮುಗಿಸೇನಿ.'

ನಾನೂರು ಕೊಟ್ಟು ತಂದೆ.
ಹೊಲಿಗೆ ಮಷೀನಿನ ಮೇಲ್ಗಡೆ ಮೊಳೆ ಹೊಡೆದೆ.
ಅಳತೆ ಕೊಡಲು ಬಂದವರು ಕೇಳುತ್ತಾರೆ, ಇದು ಯಾರ ಮನಿ?
ನಾನು ಟೇಪು ಹಿಡಿದು, ಕೈ ಎತ್ರಿ ಅನ್ನುತ್ತೇನೆ.

ಪಂಚಮಿಗೆ ಬಂದ ಅಕ್ಕ ಸ್ಟೂಲು ಹತ್ತಿ
ಬ್ಲೌಸಿಗೆ ಗುರುತು ಹಾಕುವ ನೀಲಿ ಸುಣ್ಣದಲ್ಲಿ
ಗೆರೆಗಳ ನಡುವೆ ತನ್ನ ಹೆಸರು ಬರೆದಳು,
ಮೊದಲೆರಡು ಅಕ್ಷರ ದಪ್ಪ, ಆಮೇಲೆ ಜಾಗ ಸಾಲದೆ ಸಣ್ಣಗೆ.
'ಏನ ಬರದಿ?' ಅವ್ವ ಕೆಳಗಿನಿಂದ ಕೇಳಿದಳು.
ಅಕ್ಕ ಕೈ ಜಾಡಿಸಿಕೊಂಡಳು.
'ಎರಡ ಒತ್ತಕ್ಷರ ಅದಾವಬೇ,
ಪತ್ತಾರಗ ಹೇಳಬ್ಯಾಡ.'