ಪೀಣ್ಯ, ರಾತ್ರಿ ಪಾಳಿ

ಸೂಕ್ಷ್ಮದರ್ಶಕದಡಿ ನನ್ನ ಬೆರಳು ದಿಮ್ಮಿ.
ಸೋನಾಮಸೂರಿಗಿಂತ ತುಸು ಉದ್ದನೆ ಗಾಜು,
ಒಳಗೆ ಕೂದಲೆಳೆ ತಾಮ್ರ, ಒಂದು ನಂಬರು.

ಸಾಲ್ಮನ್ ಮರಿಯ ಹೊಟ್ಟೆಗಂತೆ ಇದು.
ಹೊಳೆಯಲ್ಲಿ ಹುಟ್ಟಿ ಕಡಲಿಗಿಳಿಯುವ ದಾರಿಯಲ್ಲಿ
ಯಾವುದೋ ಅಣೆಕಟ್ಟಿನ ಕಿಂಡಿ ದಾಟುವಾಗ
ನಾನು ಬೆಸೆದ ನಂಬರು ಕೂಗಿ ಹೇಳುತ್ತದಂತೆ.
"ತಿರುಗಿ ಬರೋದೆಷ್ಟು?" ಅಂದೆ.
"ನೂರಕ್ಕೆ ಒಂದೋ ಎರಡೋ," ಫಿಲೋಮಿನಾ ಮೇಡಂ
ಡಬ್ಬಿಯ ಚಿತ್ರಾನ್ನ ಕೆದಕುತ್ತ, "ನಿನ್ನ ಟಾರ್ಗೆಟ್ ನೋಡು."

ಮೂರು ಗಂಟೆಗೆ ಒಂದು ಗಾಜು ಬಿರುಕು ಬಿಟ್ಟಿತು.
ಕಸದ ತಟ್ಟೆಗೆ ಹಾಕಬೇಕಿತ್ತು;
ಕರ್ಚೀಫಿನಲ್ಲಿ ಗಂಟು ಕಟ್ಟಿದೆ.

ಪಾಳಿ ಮುಗಿದು ವೃಷಭಾವತಿಯ ಸೇತುವೆ.
ಕೆಳಗೆ ನೊರೆ. ಮೂಗು ಮುಚ್ಚಿ ನಿಂತೆ.
ಮೀನಿಲ್ಲ.
ಹೋಗು, ಅಂದೆ,
ಅರ್ಕಾವತಿ, ಕಾವೇರಿ, ಆಮೇಲೆ ನಿನಗೇ ಗೊತ್ತು.

ಬಸ್ಸಿನಲ್ಲಿ ನಂಬರು ನೆನಪಿಸಿಕೊಂಡೆ:
ಕೊನೆಯ ಮೂರಂಕಿ ಏಳು, ಸೊನ್ನೆ, ನಾಲ್ಕು.