ಮುಟ್ಟಿತು

ಕಲಾಸಿಪಾಳ್ಯದ ಲಾರಿ ಬುಕಿಂಗ್ ಆಫೀಸಿನಲ್ಲಿ
ದಸ್ತಗೀರ್ ಸಾಬರು ಚೀಟಿ ಬರೆಯುವಾಗ
ಪೆನ್ನನ್ನು ಉಳಿಯ ಹಾಗೆ ಒತ್ತುತ್ತಿದ್ದರು,
ಕೆಳಗೆ ಎರಡು ಕಾರ್ಬನ್ನು.
ಬಿಳಿ ಗಿರಾಕಿಗೆ, ಹಳದಿ ಡ್ರೈವರಿಗೆ,
ಗುಲಾಬಿ ಪುಸ್ತಕದಲ್ಲೇ.
"ಲಾರಿ ಸುಟ್ಟುಹೋಗಲಿ, ಗಿರಾಕಿ ಚೀಟಿ ಕಳೀಲಿ,
ಗುಲಾಬಿ ಇರ್ತದೆ."
ಹಮಾಲಿ ಅಪ್ಪನಿಗೆ ಬುತ್ತಿ ತಂದವಳು
ಮೂಟೆಗೆ ಒರಗಿ ನೋಡುತ್ತಿದ್ದೆ.
ದಲ್ಲಾಳಿ ಅಂದರೆ ಬೈಗುಳ ಅಂದುಕೊಂಡಿದ್ದ ವಯಸ್ಸು.

ಈಗ ಜಯನಗರ, ಮೂರನೇ ಮಹಡಿ,
ಬಿಳಿ ಹಲಗೆ, ಒಣಗಿದ ಮಾರ್ಕರು.
ಊರಿನ ರಕ್ತನಿಧಿಗಳು ಒಂದಕ್ಕೊಂದು ಮಾತಾಡಬೇಕು.
ನಡುವೆ ನಿಲ್ಲುವವರು ಬೇಕು,
ರಕ್ತ ಇಟ್ಟುಕೊಳ್ಳದೆ, ರಕ್ತ ಕೊಡದೆ,
ಕೇಳಿದ್ದನ್ನು ಕೇಳಿಸಿಕೊಂಡು ದಾಟಿಸುವವರು.
ದಲ್ಲಾಳಿಗಳೇ.

ಮೊದಲು ಒಬ್ಬನೇ ಸಾಕೆಂದೆವು,
ಯಲಹಂಕದಲ್ಲಿ ಒಂದು ಯಂತ್ರ.
ಡೆಂಗ್ಯೂ ತಿಂಗಳು ಬಂತು.
ಪ್ಲೇಟ್‌ಲೆಟ್ ಕೇಳುವ ಕೂಗುಗಳು
ಸಂಜೆ ಆರರ ಸಿಲ್ಕ್ ಬೋರ್ಡಿನ ಬಸ್ಸುಗಳ ಹಾಗೆ
ಒಂದರ ಬೆನ್ನಿಗೊಂದು ನಿಂತವು.
ರಾತ್ರಿ ಎರಡು ನಲವತ್ತಕ್ಕೆ ಯಂತ್ರ ಕಣ್ಣು ಮುಚ್ಚಿತು.
ಹನ್ನೊಂದು ನಿಮಿಷ.
ಆ ಹೊತ್ತಿನಲ್ಲಿ ಯಾರು ಏನು ಕೇಳಿದರೆಂದು
ಎಲ್ಲೂ ಬರೆದಿಲ್ಲ.

ಮರುದಿನ ಫಿಲೋಮಿನಾ ಹಲಗೆ ಒರೆಸಿದಳು.
ಮೂರು ವೃತ್ತ: ಯಲಹಂಕ, ವೈಟ್‌ಫೀಲ್ಡ್, ಕೆಂಗೇರಿ.
ಬಂದದ್ದೆಲ್ಲ ಮೂರೂ ಕಡೆ ಬರೆಯಬೇಕು,
ಬಿಳಿ ಹಳದಿ ಗುಲಾಬಿ ಅಂದೆ.
ಅವಳು ಮಾರ್ಕರಿನ ಬಣ್ಣ ಹುಡುಕಿದಳು.
"ಯಜಮಾನ ಸತ್ತರೆ?"
ಉಳಿದಿಬ್ಬರು ಒಪ್ಪಿ ಒಬ್ಬರನ್ನು ಕೂರಿಸಲಿ.
"ಸತ್ತಿಲ್ಲ, ಬರೀ ತಂತಿ ಕಡಿದಿದೆ,
ತಾನಿನ್ನೂ ಯಜಮಾನ ಅಂತಲೇ ಕೂತಿದ್ದಾನೆ?"
ಇಬ್ಬರೂ ನಕ್ಕೆವು.
ಬೇರೆಬೇರೆ ಗಂಡಸರು ನೆನಪಾಗಿರಬೇಕು.
ಎರಡನೇ ಸಹಿ ಇಲ್ಲದ ಅಪ್ಪಣೆಯನ್ನು
ಯಾರೂ ಕೇಳಬೇಡಿ ಎಂದು ಬರೆದೆವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ
ಇಲ್ಲಿ ನಡೆಯುವುದಿಲ್ಲ.
ಮಳೆಗಾಲಕ್ಕೆ ಕಾಲು ಬೆಳೆಯುತ್ತದೆ, ಹಾಸಿಗೆಯೂ ಬೆಳೆಯಬೇಕು,
ಮಲಗಿದವರನ್ನು ಎಬ್ಬಿಸದೆ.
ಕಳೆದುಹೋಗುವುದಕ್ಕಿಂತ ಎರಡು ಸಲ ಬರುವುದು ವಾಸಿ,
ಎರಡು ಸಲ ಬಂದದ್ದಕ್ಕೆ ಒಂದೇ ಸಲ ರಕ್ತ.
ಇದಕ್ಕೆ ಒಂದು ವಾರ ಹಿಡಿಯಿತು.

ಮೂರು ಸಲ ತಟ್ಟಿದರೂ ಬಾಗಿಲು ತೆರೆಯದವು
ಒಂದು ಮೂಲೆಗೆ.
ಸಾಬರ ಅಟ್ಟದಲ್ಲೂ ಇದ್ದವು ಅಂಥವು:
ಹೊಲಿಗೆ ಯಂತ್ರದ ಚಕ್ರ, ವಿಳಾಸ ಅಳಿಸಿದ ಟ್ರಂಕು.
ಶುಕ್ರವಾರ ನಮಾಜು ಮುಗಿಸಿ ಬಂದು
ಒಂದೊಂದನ್ನೇ ಇಳಿಸಿ ಓದುತ್ತಿದ್ದರು.
ನಮ್ಮ ಮೂಲೆಯನ್ನೂ ಮನುಷ್ಯರೇ ಓದಬೇಕು,
ದಿನಾ ಬೆಳಗ್ಗೆ ಎಂಟಕ್ಕೆ, ಕಾಫಿಗೆ ಮೊದಲು.

ಒಂದು ಶನಿವಾರ, ಬೇಕಂತಲೇ,
ಕೆಂಗೇರಿಯ ತಂತಿ ಕಿತ್ತೆ.
ಕೈ ಬೆವರಿತ್ತು.
ಏನೂ ಆಗಲಿಲ್ಲ.
ಏಳು ತಿಂಗಳು ದುಡಿದದ್ದು
ಈ ಏನೂ ಆಗದಿರುವುದಕ್ಕೆ.
ಫಿಲೋಮಿನಾ ಕೆಳಗೆ ಹೋಗಿ ಖಾರಾ ಬನ್ ತಂದಳು.

ಹುಬ್ಬಳ್ಳಿಯಿಂದ ಫೋನು ಬಂದು
ಆ ಕಡೆಯವನು "ಮುಟ್ತು" ಅನ್ನುವವರೆಗೆ
ಸಾಬರು ಗುಲಾಬಿ ಹಾಳೆಗೆ ಗೀಟು ಎಳೆಯುತ್ತಿರಲಿಲ್ಲ.
ಹೋಯಿತು ಅಂದರೆ ಸಾಲದು, ಬಂತು ಅಂದರೂ ಸಾಲದು.

ಇವತ್ತು ರಾತ್ರಿ ನನ್ನ ಪಾಳಿ.
ಬನಶಂಕರಿಯ ನರ್ಸಿಂಗ್ ಹೋಮು, ಓ ನೆಗೆಟಿವ್, ಎರಡು ಯೂನಿಟ್ಟು.
ಯಲಹಂಕ: ಮುಟ್ಟಿತು. ವೈಟ್‌ಫೀಲ್ಡ್: ಮುಟ್ಟಿತು.
ಕೆಂಗೇರಿ ಯಾಕೋ ತಡ.
ಇಬ್ಬರು ಸಾಕು, ನಿಯಮ ನಾವೇ ಬರೆದದ್ದು,
ಗೀಟು ಎಳೆಯಬಹುದು.
ಎಳೆದೆ.
ಆಮೇಲೆ ಆ ರಕ್ತ ಯಾರ ಮೈ ಮುಟ್ಟಿತೋ
ಅದಕ್ಕೆ ನಮ್ಮಲ್ಲಿ ಹಾಳೆ ಇಲ್ಲ.
ಕೆಂಗೇರಿಗಾಗಿ ಇನ್ನೂ ಕೂತಿದ್ದೇನೆ.