ಅರವತ್ತೊಂದು, ಮೂವತ್ತನಾಲ್ಕು

ಸಂಘಕ್ಕೆ ಐವತ್ತು ತುಂಬುತ್ತದಂತೆ, ಗೋಡೆಗೊಂದು ಫಲಕ ಬೇಕಂತೆ.
'ಮಂಡ್ಯ ಕಂಡ ಅತ್ಯುತ್ತಮ ಪಿಚರ್, ಒಂದೇ ಹೆಸರು,
ಸೋಮವಾರದೊಳಗೆ ಹೇಳಿ ಮೇಡಂ,
ಪುಸ್ತಕಗಳು ನಿಮ್ಮ ಹತ್ತಿರವೇ ಇವೆಯಲ್ಲ.'

ಇವೆ. ಅಟ್ಟದ ಮೇಲೆ, ಅಪ್ಪನ ಟ್ರಂಕಿನಲ್ಲಿ
ಇಪ್ಪತ್ತೆರಡು ಸಾಫ್ಟ್‌ಬಾಲ್ ಸ್ಕೋರ್ ಪುಸ್ತಕ,
ನುಸಿಗುಳಿಗೆಯ ವಾಸನೆ, ನನ್ನ ಗುಂಡನೆಯ ಅಕ್ಷರ.

ವನಜಾಕ್ಷಿ: ಎಂಬತ್ತಮೂರರಿಂದ ತೊಂಬತ್ತೊಂದು. ಗೆಲುವು ಅರವತ್ತೊಂದು.
ಬೋರಮ್ಮ: ತೊಂಬತ್ತನಾಲ್ಕರಿಂದ ಎರಡು ಸಾವಿರದ ನಾಲ್ಕು. ಮೂವತ್ತನಾಲ್ಕು.
ಕಳೆದರೆ ಇಪ್ಪತ್ತೇಳು.
ಇಷ್ಟಕ್ಕೆ ಮೂರನೇ ಕ್ಲಾಸಿನ ಹುಡುಗ ಸಾಕಿತ್ತು,
ನಾನ್ಯಾಕೆ?

ಅಪ್ಪ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿದ್ದರು.
ಗಾಡಿ ಹತ್ತಿತು, ಮುಳ್ಳು ನಿಂತಿತು, ಚೀಟಿ ಹರಿದರು.
ರಾತ್ರಿ ಮುದ್ದೆ ಮುರಿಯುತ್ತ ಅನ್ನುತ್ತಿದ್ದರು:
'ತೂಕ ನಾನು ಬರೀತೀನಿ ಮಗಾ,
ಸಕ್ಕರೆ ಎಷ್ಟು ಅನ್ನೋದು ಅರೆದ ಮೇಲಲ್ವಾ.
ನೀರು ಕುಡಿದ ಕಬ್ಬೂ ತೂಗುತ್ತೆ.'

ಎಂಬತ್ತಾರು. ಮೈಸೂರಿನ ಮೇಲೆ, ಹನ್ನೊಂದು–ಒಂಬತ್ತು.
ಗೆದ್ದವಳು ವನಜಾಕ್ಷಿ, ಒಂಬತ್ತು ರನ್ ಕೊಟ್ಟೂ.
ಅವತ್ತು ಫಿಲೋಮಿನಾಳ ಬ್ಯಾಟಿಗೆ ದೆವ್ವ ಮೆಟ್ಟಿಕೊಂಡಿತ್ತು;
ಒಂದು ಚೆಂಡು ರೈಲು ಹಳಿ ದಾಟಿ
ಯಾರದೋ ಕೊತ್ತಂಬರಿ ಮಡಿಗೆ ಬಿದ್ದು
ಮಾರನೆಯ ದಿನ ಅರ್ಧ ಕಂತೆ ಸೊಪ್ಪಿನ ದುಡ್ಡು ಕಟ್ಟಿದೆವು.

ತೊಂಬತ್ತೆಂಟು. ಸೊನ್ನೆ–ಒಂದು. ಸೋತವಳು ಬೋರಮ್ಮ.
ಏಳು ಇನ್ನಿಂಗ್ಸಿನಲ್ಲಿ ಅವಳ ಚೆಂಡು ಮುಟ್ಟಿದ್ದು ಎರಡೇ ಬ್ಯಾಟು.
ಮೂರನೇ ಬೇಸಿಗೆ ಜನ ಸಾಲದೆ
ಹೈಜಂಪಿನ ಹುಡುಗಿಯನ್ನು ನಿಲ್ಲಿಸಿದ್ದೆವು.
ಉರುಳಿಕೊಂಡು ಬಂದ ಚೆಂಡು.
ಅವಳು ಹಾರಿದಳು.
ಸೋಲಿನ ಕಾಲಮ್ಮಿನಲ್ಲಿ ಹಾರಿದವಳಿಗೆ ಜಾಗವಿಲ್ಲ.

ಹಾಗಾದರೆ ಬೋರಮ್ಮ ಅಂತಲೇ ಹೇಳಿಬಿಡಲೆ?
ನಾಲಿಗೆ ಏಳುವುದಿಲ್ಲ.
ಮದುವೆಯಾದ ಮೂರನೇ ದಿನ ವನಜಾಕ್ಷಿ,
ಹಸಿರು ಬಳೆ ತೆಗೆಯಬಾರದೆಂದು
ಬಲಗೈಗೆ ಮೊಣಕೈತನಕ ಬಟ್ಟೆ ಸುತ್ತಿಕೊಂಡು ಎಸೆದಳು.
ಪ್ರತಿ ಎಸೆತಕ್ಕೂ ಒಳಗೆ ಗಾಜಿನ ಸದ್ದು.
ಅದಕ್ಕೆ ಯಾವ ಗುರುತು ಹಾಕಬೇಕಿತ್ತು ನಾನು?

ಬೋರಮ್ಮನಿಗೆ ಫೋನ್ ಮಾಡಿದೆ. ಕೆರಗೋಡಿನ ಹಾಲಿನ ಡೇರಿಯಲ್ಲಿದ್ದಳು.
'ಮೂವತ್ನಾಕಾ! ಅಷ್ಟೊಂದ್ ಗೆದ್ದಿದ್ನಾ ಅಕ್ಕೋ?
ನಂಗೆ ಆ ಹೈಜಂಪಿಂದೊಂದೇ ಗ್ಯಾಪ್ಕ ಕನಕ್ಕ.'
ಆಚೆ ಯಾರೋ ಲೀಟರಿಗೆ ಜಗಳ ತೆಗೆದಿದ್ದರು.
'ಇರಕ್ಕ, ಫ್ಯಾಟು ನೋಡ್ಬೇಕು' ಎಂದು ಇಟ್ಟಳು.

ಎಂಬತ್ತೊಂಬತ್ತರ ಡಿಸೆಂಬರ್.
ಆ ಪುಟ ಹುಡುಕಬೇಕಿಲ್ಲ, ತಾನಾಗಿಯೇ ತೆರೆದುಕೊಳ್ಳುತ್ತದೆ.
ಮೊದಲು ಎಸೆದವಳು ನಾಲ್ಕು ಇನ್ನಿಂಗ್ಸ್ ಮುಗಿಸಿರಬೇಕು,
ಗೆಲುವು ಅವಳ ಹೆಸರಿಗೆ ಬರಲು. ಅದು ನಿಯಮ.
ಇನ್ನೊಂದು ಔಟು ಬಾಕಿಯಿರುವಾಗ
ವನಜಾಕ್ಷಿಯ ಕಾಲು ಹೊರಳಿತು.
ಬೆಂಚಿನಿಂದ ಎದ್ದು ಬಂದವಳು ಇಂಡುವಾಳಿನ ಸಣ್ಣತಾಯಮ್ಮ.
ಆ ಒಂದು ಔಟು, ಮೇಲೆ ಮೂರು ಇನ್ನಿಂಗ್ಸ್.
ಒಂದು ರನ್ನನ್ನೂ ಬಿಡದೆ ಎಸೆದು
ಚಪ್ಪಲಿ ಕೈಯಲ್ಲಿ ಹಿಡಿದು ಆರೂ ಇಪ್ಪತ್ತರ ಬಸ್ಸಿಗೆ ಓಡಿದಳು.
ಮತ್ತೆ ಆಟಕ್ಕೆ ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ.

ಆ ವರ್ಷದ ಹತ್ತಕ್ಕೆ ವನಜಾಕ್ಷಿಗೆ ಒಂದು ಕಡಿಮೆಯಿತ್ತು.
ನಾನು ಅವಳ ಗೆಳತಿ, ಪೆನ್ಸಿಲ್ ನನ್ನ ಕೈಲಿತ್ತು.
ಮೂರು ಇನ್ನಿಂಗ್ಸ್ ಎರಡು ಔಟನ್ನು
ನಾಲ್ಕು ಎಂದು ಬರೆದೆ.

ಅರವತ್ತಕ್ಕೂ ಅರವತ್ತೊಂದಕ್ಕೂ ಏನು ಮಹಾ ದೂರ?
ಸೊನ್ನೆಗೂ ಒಂದಕ್ಕೂ?

ರಬ್ಬರಿನಿಂದ ಉಜ್ಜಿದೆ. ಹಳೆಯ ಪೆನ್ಸಿಲ್ ಹಠ ಮಾಡಿತು.
ಕಾಗದ ತೆಳುವಾಗಿ ಹಿಂದಿನ ಪುಟದ ಇನ್ನೊಂದು ಪಂದ್ಯ
ಮಸುಕಾಗಿ ಕಂಡಿತು. ಅದರ ಮೇಲೆಯೇ ಬರೆದೆ:
ಸಣ್ಣತಾಯಮ್ಮ, ಗೆಲುವು ೧.

ಫಲಕದವರಿಗೆ ಏನೂ ಹೇಳಿಲ್ಲ.
ಮೊದಲು ವನಜಾಕ್ಷಿಗೆ ಹೇಳಬೇಕು. ನಾಳೆ ಬರುತ್ತಾಳೆ,
ನನ್ನ ಮಂಡಿನೋವಿಗೆ ಎಣ್ಣೆ ತರುತ್ತಾಳಂತೆ.
ಇಂಡುವಾಳಿನ ಬಸ್ಸು
ಈಗಲೂ ಆರೂ ಇಪ್ಪತ್ತಕ್ಕೇನಾ, ಅದನ್ನೂ ಕೇಳಬೇಕು.